ಮಂಗಳೂರಿನ ಸಬ್ ಜಡ್ಜ್ ಆಮೇಲೆ ಲಾ ಪಾಸು ಮಾಡಿದ್ದು

ಬೀದಿ ದೀಪದ ಕೆಳಗೆ ಓದಿ ದೊಡ್ಡವರಾದವರ ಮಾತು ಬಂತೆಂದರೆ ಹಳೇ ಮಾಸ್ತರುಗಳು ಥಟ್ಟನೆ ಹೇಳುವ ಹೆಸರುಗಳಲ್ಲಿ ಸರ್ ಟಿ. ಮುತ್ತುಸ್ವಾಮಿ ಅಯ್ಯರ್ ಅವರದೂ ಒಂದು. ಮದ್ರಾಸ್ ಹೈಕೋರ್ಟಿನ ಪ್ರಥಮ ಭಾರತೀಯ ನ್ಯಾಯಮೂರ್ತಿ. ಈ ಮಹಾನುಭಾವರು ಮೂರು ವರ್ಷ ನಮ್ಮದೇ ಜಿಲ್ಲೆಯಲ್ಲಿ ಸಬ್ ಜಡ್ಜ್ ಆಗಿದ್ದರೆಂಬುದು ಮಂಗಳೂರು ಕೋರ್ಟಿನ ಮೆಟ್ಟಿಲನ್ನು ದಿನಾ ಹತ್ತಿಳಿಯುವವರಲ್ಲಿ ಎಷ್ಟು ಮಂದಿಗೆ ಗೊತ್ತೋ! ಅದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಇಲ್ಲಿ ತೀರ್ಪು ಬರೆದು ವರ್ಗವಾಗಿ ಹೋದಾಗಲೂ ಅವರ ಹತ್ತಿರ ಕಾನೂನು ಪದವಿ ಇರಲಿಲ್ಲ.

ಹುಟ್ಟಿದ್ದು 1832ರಲ್ಲಿ, ತಂಜಾವೂರು ಸೀಮೆಯ ಬಡ ಬ್ರಾಹ್ಮಣ ಮನೆಯಲ್ಲಿ. ತಂದೆ ಬೇಗ ತೀರಿಕೊಂಡರು. ಓದುವ ವಯಸ್ಸಿನಲ್ಲಿ ಹುಡುಗ ಶಾನುಭೋಗರ ಕೈಕೆಳಗೆ ಲೆಕ್ಕ ಬರೆಯಲು ನಿಂತ. ಸಂಬಳ ತಿಂಗಳಿಗೆ ಒಂದು ರೂಪಾಯಿ. ಒಂದು ದಿನ ಹೊಳೆಯ ಕಟ್ಟೆ ಒಡೆದ ಸುದ್ದಿ ಬಂತು. ಹೋಗಿ ನೋಡಬೇಕಾದ ಗುಮಾಸ್ತ ಕಚೇರಿಯಲ್ಲಿಲ್ಲ. ಈ ಹುಡುಗನೇ ಓಡಿಹೋಗಿ ನೋಡಿ ಬಂದು, ಎಲ್ಲವನ್ನೂ ಬಿಡಿಬಿಡಿಯಾಗಿ ಒಪ್ಪಿಸಿದ. ವಿಚಾರಿಸಿದಾಗ ಒಂದಕ್ಷರ ತಪ್ಪಿರಲಿಲ್ಲ. ತಹಶೀಲ್ದಾರ್ ಮುತ್ತುಸ್ವಾಮಿ ನಾಯಕರು ಅಂದಿನಿಂದ ಅವನ ಬೆನ್ನಿಗೆ ನಿಂತರು, ಇಂಗ್ಲಿಷ್ ಓದಿಗೆ ದಾರಿ ಮಾಡಿಕೊಟ್ಟರು. ಆ ತಹಶೀಲ್ದಾರ್ ಇಲ್ಲದೆ ಹೋಗಿದ್ದರೆ ಮುಂದಿನ ಕಥೆಯೇ ಇಲ್ಲ.

ಮದ್ರಾಸಿನ ಹೈಸ್ಕೂಲಿನಲ್ಲಿ ಪೊವೆಲ್ ಸಾಹೇಬರ ಶಿಷ್ಯನಾಗಿ 1854ರಲ್ಲಿ ಇಂಗ್ಲಿಷ್ ಪ್ರಬಂಧಕ್ಕೆ 500 ರೂಪಾಯಿ ಬಹುಮಾನ ಗಿಟ್ಟಿಸಿದ್ದಾಯಿತು. ಒಂದು ರೂಪಾಯಿ ಸಂಬಳದವನಿಗೆ ಐನೂರು! ಬೀದಿ ದೀಪದ ಕಥೆ ಈ ಕಾಲದ್ದೇ. ಆದರೆ ಅಲ್ಲಿಗೆ ಓದು ನಿಂತಿತು. ಮದ್ರಾಸ್ ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1857ರಲ್ಲಿ, ಅಷ್ಟರಲ್ಲಿ ಇವರು ನೌಕರಿಗೆ ಸೇರಿ ಆಗಿತ್ತು. ಪ್ಲೀಡರ್ ಪರೀಕ್ಷೆ ಮುಗಿಸಿ ತರಂಗಂಬಾಡಿಗೆ ಮುನ್ಸೀಫರಾದರು. ಆಮೇಲೆ ಇನಾಂ ಕಮಿಷನ್ನಿನಲ್ಲಿ ಡೆಪ್ಯುಟಿ ಕಲೆಕ್ಟರ್ ಕೆಲಸ. ಪದವಿ ಇಲ್ಲದಿದ್ದರೂ ಬಡ್ತಿ ತಪ್ಪಲಿಲ್ಲ.

1865ರ ಜುಲೈಯಲ್ಲಿ ದಕ್ಷಿಣ ಕನ್ನಡಕ್ಕೆ ಬಂದರು. ಮಂಗಳೂರಿಗೆ ಆಗ ರೈಲಿಲ್ಲ, ಅದು ಬಂದದ್ದು 1907ರಲ್ಲಿ. ಜುಲೈ ಅಂದರೆ ನಮ್ಮ ಊರಿನ ಮಳೆ ಹೇಗಿರುತ್ತದೆಂದು ಬೇರೆ ಹೇಳಬೇಕೆ? ಬಯಲು ಸೀಮೆಯ ಮನುಷ್ಯನಿಗೆ ಇಲ್ಲಿ ಭಾಷೆ ಹೊಸದು, ಕಟ್ಟಳೆಯೂ ಹೊಸದು. ಆಸ್ತಿ ತಂದೆಯಿಂದ ಮಗನಿಗಲ್ಲ, ಸೋದರಮಾವನಿಂದ ಅಳಿಯನಿಗೆ ಇಳಿಯುವ ಅಳಿಯಸಂತಾನದ ಜಿಲ್ಲೆ ಇದು. ತಂಜಾವೂರಿನ ಲೆಕ್ಕಾಚಾರ ಇಲ್ಲಿ ನಡೆಯುವಂಥದ್ದಲ್ಲ.

1868ರ ಜುಲೈಯಲ್ಲಿ ಮದ್ರಾಸಿಗೆ ಪೊಲೀಸ್ ಮ್ಯಾಜಿಸ್ಟ್ರೇಟರಾಗಿ ಹೋದರು. ವಯಸ್ಸು 36. ಸಂಸಾರ ಉಂಟು, ಕುರ್ಚಿ ಉಂಟು, ಹೆಸರೂ ಉಂಟು. ಸಾಲದೆ? ಅಯ್ಯರಿಗೆ ಸಾಲಲಿಲ್ಲ. ಆ ಕೆಲಸದಲ್ಲಿದ್ದಾಗಲೇ ಬಿ.ಎಲ್. ಪರೀಕ್ಷೆಗೆ ಓದಲು ಕೂತರು. ಮದ್ರಾಸಿನ ಲಾ ಕಾಲೇಜು ಬಂದದ್ದು 1891ರಲ್ಲಿ. ಇವರ ಕಾಲದಲ್ಲಿ ಕಾನೂನು ಪಾಠವೆಂದರೆ ಪ್ರೆಸಿಡೆನ್ಸಿ ಕಾಲೇಜಿನ ಒಂದು ತರಗತಿ, ಅಷ್ಟೆ. ಹಗಲೆಲ್ಲ ಮಹಾನಗರದ ಜಗಳ, ಕಳ್ಳತನ, ಹೊಡೆದಾಟದ ಕೇಸು ಮುಗಿಸಬೇಕು. ಅದಾದ ಮೇಲೆ ಉಳಿದ ಹೊತ್ತಿನಲ್ಲಿ ಪುಸ್ತಕ ಹಿಡಿಯಬೇಕು. ಹತ್ತು ವರ್ಷಕ್ಕೂ ಮೇಲ್ಪಟ್ಟು ಸರಕಾರಿ ಅಧಿಕಾರಿಯಾಗಿ ಕೂತವರು ಹುಡುಗರು ಬರೆಯುವ ಪರೀಕ್ಷೆ ಬರೆಯುವುದೆಂದರೆ ತಮಾಷೆಯಲ್ಲ. ಪಾಸಾದರೆ ಭೇಷ್ ಅನ್ನುವವರು ನಾಲ್ಕು ಜನ. ಅಪ್ಪಿತಪ್ಪಿ ಫೇಲಾದರೆ ನಗುವವರು ಊರೆಲ್ಲ, ಅದರಲ್ಲೂ ತನ್ನೆದುರೇ ನಿಂತು ವಾದ ಮಾಡುವ ವಕೀಲರು!

ಹೈಕೋರ್ಟ್ ಜಡ್ಜ್ ಆಗುವ ಆಸೆಗೆ ಓದಿದರು ಅನ್ನೋಣವೆಂದರೆ ಅದೂ ಹೊಂದುವುದಿಲ್ಲ. 1861ರ ಹೈಕೋರ್ಟ್ ಕಾಯಿದೆಯಲ್ಲಿ ಪದವಿಯ ಷರತ್ತೇ ಇರಲಿಲ್ಲ. ಸ್ಮಾಲ್ ಕಾಸ್ ಜಡ್ಜರಿಗೆ ಕಡಿಮೆಯಲ್ಲದ ನ್ಯಾಯಾಧಿಕಾರಿ ಹುದ್ದೆಯಲ್ಲಿ ಐದು ವರ್ಷ ದುಡಿದಿದ್ದರೂ ಸಾಕಿತ್ತು. ಆದರೂ ಓದಿದರು, ಪಾಸಾದರು. ಅದೇ ವರ್ಷಗಳಲ್ಲಿ ಸಂಸ್ಕೃತವನ್ನೂ ಕಲಿತರು. ಹಿಂದೂ ಲಾ ಎಂದರೆ ಬೇರೆಯವರು ಮಾಡಿದ ಇಂಗ್ಲಿಷ್ ಭಾಷಾಂತರವನ್ನೇ ನಂಬಿ ಕೂರುತ್ತಿದ್ದ ಕಾಲ ಅದು. ಮೂಲವನ್ನೇ ಬಿಚ್ಚಿ ನೋಡಬಲ್ಲ ನ್ಯಾಯಾಧೀಶನ ಮಾತಿಗೆ ತೂಕ ಬೇರೆ.

ಆ ದಿನಗಳ ಇನ್ನೊಂದು ಸಂಗತಿಯನ್ನು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಹೈಕೋರ್ಟಿನ ಯುರೋಪಿಯನ್ ಜಡ್ಜ್ ಒಬ್ಬರು ತಮ್ಮ ಕಾಂಪೌಂಡಿಗೆ ಬಂದ ಬಡ ದೇಶೀಯನ ಮೇಲೆ ಕೈಮಾಡಿದರು. ದೂರು ಬಂದದ್ದು ಮುತ್ತುಸ್ವಾಮಿ ಅಯ್ಯರ್ ಮುಂದೆ. ಅಷ್ಟು ದೊಡ್ಡವರನ್ನು ಕೋರ್ಟಿಗೆ ಕರೆಸುವುದು ಬೇಡವೆಂದು ಮೇಲಿನ ಮ್ಯಾಜಿಸ್ಟ್ರೇಟರೇ ಸೂಚನೆ ಕೊಟ್ಟರು. ಅಯ್ಯರ್ ಕೇಳಲಿಲ್ಲ. ಸಮನ್ಸು ಹೋಯಿತು, ಸಾಹೇಬರು ಬಂದು ನಿಂತರು. ದಂಡ ಮೂರು ರೂಪಾಯಿ. ಮೊತ್ತ ನೋಡಿ ನಗಬಹುದು. ಆದರೆ 150 ವರ್ಷದ ಕೆಳಗೆ ಬಿಳಿಯ ಹೈಕೋರ್ಟ್ ಜಡ್ಜನನ್ನು ಕರಿಯ ಮ್ಯಾಜಿಸ್ಟ್ರೇಟ್ ಆರೋಪಿಯಾಗಿ ಕರೆಸಿದ್ದು ನಗುವ ಸಂಗತಿಯಾಗಿರಲಿಲ್ಲ.

ಮುಂದಿನದು ಬೇಗ ಬೇಗ ನಡೆಯಿತು. ಸ್ಮಾಲ್ ಕಾಸ್ ಕೋರ್ಟಿನ ಜಡ್ಜ್, 1877-78ರ ಹೊತ್ತಿಗೆ ಹೈಕೋರ್ಟಿನ ನ್ಯಾಯಮೂರ್ತಿ. ಕಲ್ಕತ್ತೆಯಲ್ಲಿ ಶಂಭುನಾಥ ಪಂಡಿತರು 1863ರಲ್ಲೇ ಆ ಸ್ಥಾನಕ್ಕೇರಿದ್ದರು. ಆದರೂ ಮದ್ರಾಸಿನ ಆಂಗ್ಲರ ಪತ್ರಿಕೆಗಳು ಅಯ್ಯರ್ ನೇಮಕಕ್ಕೆ ಗೊಣಗಿದವು. 1891ರಲ್ಲಿ ಮಲಬಾರ್ ವಿವಾಹ ಕಮಿಷನ್ನಿಗೆ ಅವರೇ ಅಧ್ಯಕ್ಷರು. ಮರುಮಕ್ಕತ್ತಾಯದವರ ಮದುವೆಗೆ ಕಾನೂನಿನ ರೂಪ ಕೊಡಬೇಕೋ ಬೇಡವೋ ಎಂಬುದು ವಿಚಾರ. ಅಳಿಯಸಂತಾನದ ನಾಡಿನಲ್ಲಿ ಮೂರು ವರ್ಷ ಕುರ್ಚಿಯಲ್ಲಿ ಕೂತವರಿಗೆ ಆ ಪ್ರಶ್ನೆ ತೀರಾ ಹೊಸದೇನೂ ಆಗಿರಲಿಕ್ಕಿಲ್ಲ. 1893ರಲ್ಲಿ ಮೂರು ತಿಂಗಳು ಹಂಗಾಮಿ ಮುಖ್ಯ ನ್ಯಾಯಾಧೀಶರಾದರು. ಸರ್ ಪದವಿಯೂ ಅದೇ ವರ್ಷ ಬಂತು.

1895ರ ಜನವರಿಯಲ್ಲಿ ತೀರಿಕೊಂಡಾಗ ಅವರು ಇನ್ನೂ ಹೈಕೋರ್ಟಿನ ಜಡ್ಜರೇ. ತೆರವಾದ ಸ್ಥಾನಕ್ಕೆ ಎಸ್. ಸುಬ್ರಹ್ಮಣ್ಯ ಅಯ್ಯರ್ ಬಂದರು. ಮದ್ರಾಸ್ ಹೈಕೋರ್ಟಿನ ಒಳಗೆ ಮುತ್ತುಸ್ವಾಮಿ ಅಯ್ಯರ್ ಅವರ ಅಮೃತಶಿಲೆಯ ಪ್ರತಿಮೆ ಇದೆ. ಕೂತ ಭಂಗಿ, ಬರಿಗಾಲು. ಮಂಗಳೂರಿನಿಂದ ಕೇಸಿಗೆ ಹೋದವರು ಅದರ ಮುಂದೆ ಹಾದು ಹೋಗಿರಲೂಬಹುದು, ನಮ್ಮೂರ ಸಬ್ ಜಡ್ಜ್ ಎಂದು ತಿಳಿಯದೆ.