ಕಾಗದಗಳನ್ನು ಕಾಪಾಡಿದ ಗುಂಡರ್ಟ್ ಅಯ್ಯನವರ ಚರಿತ್ರೆ

ಆದಿಯ ಸಭೆಗಳವರು ಅಪೊಸ್ತಲನಾದ ಪೌಲನ ಪತ್ರಿಕೆಗಳನ್ನು ಒಂದು ಸಾರಿ ಓದಿ ಬಿಸಾಡಿಬಿಟ್ಟಿದ್ದರೆ ಇಂದು ನಮ್ಮ ಕೈಯಲ್ಲಿ ಏನಿರುತ್ತಿತ್ತು? ಕೊಲೊಸ್ಸೆಯವರು ತಮಗೆ ಬಂದದ್ದನ್ನು ಲವೊದಿಕೀಯದವರಿಗೆ ಓದಿಸಬೇಕೆಂದೂ ಅಲ್ಲಿಯದನ್ನು ತಾವು ತರಿಸಿ ಓದಬೇಕೆಂದೂ ಅವನು ಅಪ್ಪಣೆ ಮಾಡಿದ್ದನು. ಕೊಲೊಸ್ಸೆಯವರ ಪತ್ರಿಕೆ ಉಳಿಯಿತು. ಲವೊದಿಕೀಯದ ಹೆಸರಿನ ಪತ್ರಿಕೆಯಾದರೋ ನಮ್ಮ ವೇದಪುಸ್ತಕದಲ್ಲಿ ಇಲ್ಲ. ಜೋಪಾನಮಾಡಿದ್ದು ಮಾತ್ರವೇ ಮುಂದಿನವರಿಗೆ ಮುಟ್ಟುವದು. ಈ ಸತ್ಯವನ್ನು ತನ್ನ ಬಾಳಿನಲ್ಲಿ ತೋರಿಸಿದ ಒಬ್ಬ ದೇವಸೇವಕರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇನೆ.

ಹೆರ್ಮನ್ ಗುಂಡರ್ಟ್ ಅಯ್ಯನವರು 1814ನೆಯ ಇಸವಿ ಫೆಬ್ರವರಿ 4ರಲ್ಲಿ ಜರ್ಮನಿ ದೇಶದ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಕಲಿತು ಪಂಡಿತರಾಗಿ, 1836ರಲ್ಲಿ ಗ್ರೋವ್ಸ್ ಎಂಬ ಮಿಶನರಿಯ ಮಕ್ಕಳಿಗೆ ಉಪಾಧ್ಯಾಯರಾಗಿ ಮದ್ರಾಸಿಗೆ ಬಂದಿಳಿದರು. 1838ರಲ್ಲಿ ಚಿತ್ತೂರಿನಲ್ಲಿ ಸ್ವಿಟ್ಜರ್ಲೆಂಡಿನವರಾದ ಜೂಲಿಯಮ್ಮನವರನ್ನು ವಿವಾಹವಾಗಿ, ಅದೇ ವರ್ಷ ನಮ್ಮ ಮಂಗಳೂರಿಗೆ ಬಂದು ಬಾಸೆಲ್ ಮಿಶನಿಗೆ ಸೇರಿದರು. ಆಗ ಮಂಗಳೂರಿನಲ್ಲಿ ಅವರ ಸ್ನೇಹಿತರಾದ ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಸೇವೆಮಾಡುತ್ತಿದ್ದರು. ಕನ್ನಡದ ಮೊದಲನೆಯ ವರ್ತಮಾನಪತ್ರವಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವರು ಇವರೇ.

1839ರಲ್ಲಿ ಗುಂಡರ್ಟ್ ಅಯ್ಯನವರು ಮಲಬಾರಿನ ತಲಶೇರಿಗೆ ಹೋಗಿ ಇಲ್ಲಿಕುನ್ನು ಎಂಬ ಗುಡ್ಡದ ಮೇಲಿನ ಬಂಗಲೆಯಲ್ಲಿ ನೆಲೆಸಿದರು. ಸುವಾರ್ತೆಯನ್ನು ಸಾರುತ್ತಾ ಮಲಯಾಳ ಭಾಷೆಯನ್ನು ಬೇರಿನಿಂದ ಕಲಿತರು. 1847ರಲ್ಲಿ ಆ ಭಾಷೆಯ ಮೊದಲನೆಯ ಪತ್ರಿಕೆಯಾದ ರಾಜ್ಯಸಮಾಚಾರವನ್ನು ಪ್ರಾರಂಭಿಸಿದರು. 1851ರಲ್ಲಿ ವ್ಯಾಕರಣವನ್ನು ಅಚ್ಚುಹಾಕಿಸಿದರು. ಶಬ್ದಗಳಿಗಾಗಿ ಅವರು ದೊಡ್ಡವರ ಮನೆಯ ತಾಳೆಯೋಲೆಗಳನ್ನೂ ಓದಿದರು, ಹೊಲದಲ್ಲಿ ದುಡಿಯುವವರ ಮಾತಿಗೂ ಕಿವಿಗೊಟ್ಟರು. 1872ರಲ್ಲಿ ಪ್ರಕಟವಾದ ಅವರ ನಿಘಂಟನ್ನು ತೆರೆದು ನೋಡಿದರೆ, ಶಬ್ದವು ಎಲ್ಲಿಂದ ಸಿಕ್ಕಿತೆಂಬದಕ್ಕೆ ಪಕ್ಕದಲ್ಲಿ ಸಂಕ್ಷೇಪ ಗುರುತುಗಳು ಕಾಣುವವು.

ಆ ಗುರುತುಗಳಲ್ಲಿ ಒಂದು ತಲಶೇರಿಯ ಹಳೇ ಲೆಖ್ಖಪತ್ರಗಳದ್ದು. 18ನೆಯ ಶತಮಾನದ ಕೊನೆಯಲ್ಲಿ ಮಲಬಾರಿನ ಅರಸರೂ ಅಧಿಕಾರಿಗಳೂ ಇಂಗ್ಲಿಷ್ ಕಂಪೆನಿಯವರಿಗೆ ಮಲಯಾಳದಲ್ಲಿ ಬರೆದ ಕಾಗದಗಳು ಅವುಗಳಲ್ಲಿವೆ. ಕಂಪೆನಿಯವರನ್ನು ಎದುರಿಸಿ 1805ರಲ್ಲಿ ಮಡಿದ ಪಳಶಿ ರಾಜನ ಕಾಗದಗಳೂ ಅವುಗಳೊಳಗೆ ಸೇರಿವೆ. ಅಯ್ಯನವರ ಕಾಲಕ್ಕೆ ರಾಜನು ಗತಿಸಿದ್ದನು, ಯುದ್ಧವು ಮುಗಿದಿತ್ತು. ಆದರೂ ಅವರು ಈ ಹಳೇ ಬರಹಗಳನ್ನು ಕಸವೆಂದು ಎಣಿಸದೆ ಕೂಡಿಸಿ ಕಾಪಾಡಿದರು.

ಅವರ ಸ್ವಂತ ಮನೆಯು ಸಹ ಕಾಗದಗಳಿಂದಲೇ ಒಂದಾಗಿ ನಿಂತಿತ್ತು. ಅಂದಿನ ಮಿಶನರಿಗಳು ತಮ್ಮ ಮಕ್ಕಳನ್ನು ಎಳೇ ಪ್ರಾಯದಲ್ಲಿ ಯೂರೋಪಿಗೆ ಕಳುಹಿಸಿ ವರ್ಷಗಟ್ಟಲೆ ಅಗಲಿರಬೇಕಾಗಿತ್ತು. 1842ರಲ್ಲಿ ತಲಶೇರಿಯಲ್ಲಿ ಹುಟ್ಟಿದ ಮಗಳು ಮರಿಯಳೂ ಹಾಗೆಯೇ ದೂರದಲ್ಲಿ ಬೆಳೆದು, 1857ರಲ್ಲಿ ತಿರುಗಿ ತಂದೆತಾಯಿಗಳ ಬಳಿಗೆ ಬಂದಳು. ಸಮುದ್ರವು ಅಗಲಿಸಿದವರನ್ನು ಕಾಗದವೇ ಕೂಡಿಸುತ್ತಿತ್ತು. ಮರಿಯಮ್ಮನವರು ತೀರಿಕೊಂಡ ಮೇಲೆ, ಅವರ ಕಾಗದಗಳಿಂದಲೂ ದಿನಚರಿಯಿಂದಲೂ ಅವರ ಮಗಳು 1934ರಲ್ಲಿ ತಾಯಿಯ ಚರಿತ್ರೆಯನ್ನು ಪ್ರಕಟಿಸಿದರು. ಪ್ರಖ್ಯಾತ ಗ್ರಂಥಕರ್ತ ಹೆರ್ಮನ್ ಹೆಸ್ಸೆಯು ಈ ಮರಿಯಮ್ಮನವರ ಮಗನು.

1857ರಲ್ಲಿ ಸರಕಾರದವರು ಗುಂಡರ್ಟ್ ಅಯ್ಯನವರನ್ನು ಮಲಬಾರ್ ಮತ್ತು ಕನ್ನಡ ಜಿಲ್ಲೆಗಳ ಶಾಲೆಗಳಿಗೆ ಇನ್ಸ್‌ಪೆಕ್ಟರರಾಗಿ ನೇಮಿಸಿದರು. ಆದರೆ ದೇಹಸ್ಥಿತಿಯು ಕೆಟ್ಟದ್ದರಿಂದ 1859ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ಕಾಲ್ವ್ ಎಂಬ ಊರಿನಲ್ಲಿ ಕ್ರೈಸ್ತ ಗ್ರಂಥಗಳನ್ನು ಪ್ರಕಟಿಸುವ ಸಂಘವನ್ನು ನಡಿಸಿದರು. 1881ರಲ್ಲಿ ಮೋಗ್ಲಿಂಗ್ ಅಯ್ಯನವರು ನಿದ್ರೆಹೋದಾಗ, ಮರುವರ್ಷವೇ ಆ ಸ್ನೇಹಿತನ ಜೀವಚರಿತ್ರೆಯನ್ನು ಬರೆದು ಹೊರಡಿಸಿದರು. ತಾವೂ ದಿನಚರಿಯನ್ನು ಬರೆಯುತ್ತಾ ಬಂದು 1893ನೆಯ ಇಸವಿ ಏಪ್ರಿಲ್ 25ರಲ್ಲಿ ಕರ್ತನಲ್ಲಿ ವಿಶ್ರಮಿಸಿದರು.

ಅವರು ಕೂಡಿಸಿದ ತಲಶೇರಿಯ ಕಾಗದಗಳು ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಪುಸ್ತಕಾಲಯಕ್ಕೆ ಸೇರಿ, ಬಹುಕಾಲ ಮಲಯಾಳಿಗಳಿಗೆ ಕಾಣದೆ ಇದ್ದವು. 1986ರಲ್ಲಿ ಕೇರಳದ ಪಂಡಿತರೊಬ್ಬರು ಅಲ್ಲಿಗೆ ಹೋಗಿ ಅವುಗಳನ್ನು ಗುರುತಿಸಿದರು. 1990ರ ದಶಕದಲ್ಲಿ ಅವು ಅಚ್ಚಾಗಿ ಬಂದವು. ಕಂಪೆನಿಯವರ ಬಾಯಿಂದ ಮಾತ್ರ ಜನರು ಕೇಳುತ್ತಿದ್ದ ಕಥೆಯನ್ನು ಪಳಶಿ ರಾಜನು ತನ್ನ ಸ್ವಂತ ಭಾಷೆಯಲ್ಲಿ ಹೇಳುವ ಹಾಗಾಯಿತು. 2018ರಿಂದ ಗುಂಡರ್ಟ್ ಅಯ್ಯನವರ ಸಂಗ್ರಹದ ಒಂದು ಲಕ್ಷಕ್ಕೂ ಮಿಕ್ಕ ಪುಟಗಳನ್ನು ಯಾರಾದರೂ ಮನೆಯಲ್ಲಿ ಕುಳಿತು ಗಣಕಯಂತ್ರದಲ್ಲಿ ಓದಬಹುದಾಗಿದೆ.

ಸಹೋದರರೇ, ನಮ್ಮ ಹಿರಿಯರ ಸಂಗತಿಯೂ ಹೀಗೆಯೇ ಅಲ್ಲವೇ? ಮಿಶನರಿಗಳು ಬರೆದ ಕಾಗದಗಳೂ ವರದಿಗಳೂ ಬಾಸೆಲಿನಲ್ಲಿ ದೇಶದ ಪ್ರಕಾರ, ಊರಿನ ಪ್ರಕಾರ, ವರ್ಷದ ಪ್ರಕಾರ ಪಟ್ಟಿಯಾಗಿ ಭದ್ರವಾಗಿವೆ. ಮಂಗಳೂರಿನ ಬಲ್ಮಠದ ದೇವಜ್ಞಾನ ಕಾಲೇಜಿನಲ್ಲಿಯೂ ಹಳೇ ದಾಖಲೆಗಳ ಭಂಡಾರವಿದೆ. ಅವುಗಳಲ್ಲಿ ನಮ್ಮ ಅಜ್ಜಂದಿರ ವಿಷಯವಾಗಿ ಇತರರು ಬರೆದದ್ದೇ ಬಹಳ. ಅಜ್ಜಂದಿರು ತಾವೇ ಬರೆದದ್ದು ನಮ್ಮ ಮನೆಗಳ ಅಟ್ಟದಲ್ಲಿ, ತಗಡಿನ ಪೆಟ್ಟಿಗೆಯಲ್ಲಿ ಉಂಟು. ನಾನು ಸೇವೆಮಾಡಿದ ಒಂದು ಹಳ್ಳಿಯಲ್ಲಿ, ಮೊದಲು ದೀಕ್ಷಾಸ್ನಾನ ಹೊಂದಿದ ಮುದುಕನು ಮಗನಿಗೆ ಬರೆದ ಕಾಗದಗಳ ಕಟ್ಟು ಬಚ್ಚಲ ಒಲೆಗೆ ಹೋಗಿತ್ತು. ಮನೆಯವರಿಗೆ ಕೆಟ್ಟ ಮನಸ್ಸಿರಲಿಲ್ಲ. ಅದು ಏನೆಂದು ಬರೆದ ಒಂದು ಚೀಟಿಯೂ ಅದರ ಮೇಲೆ ಇರಲಿಲ್ಲ. ಆ ಮುದುಕನು ಯಾಕೆ ನಂಬಿದನು, ಏನೇನು ಕಷ್ಟಪಟ್ಟನು ಎಂಬದನ್ನು ಇನ್ನು ಯಾರೂ ಅವನ ಮಾತಿನಲ್ಲಿ ಕೇಳಲಾರರು.

ಇದಕ್ಕೆ ದೊಡ್ಡ ವಿದ್ಯೆಯಾಗಲಿ ಹಣವಾಗಲಿ ಬೇಕಾಗಿಲ್ಲ. ಕಾಗದಗಳ ಧೂಳನ್ನು ಮೆಲ್ಲಗೆ ಒರಸಿ, ತುಕ್ಕು ಹಿಡಿದ ಗುಂಡುಸೂಜಿಗಳನ್ನು ತೆಗೆದುಬಿಡಿರಿ. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿರಿ. ಅದರ ಅಂಟು ಕಾಲಕ್ರಮದಲ್ಲಿ ಕಾಗದವನ್ನೇ ಕೆಡಿಸುವದು. ಒಬ್ಬರ ಕಟ್ಟನ್ನು ಮತ್ತೊಬ್ಬರದರೊಂದಿಗೆ ಬೆರಸದೆ, ಸಿಕ್ಕಿದ ಕ್ರಮದಲ್ಲಿಯೇ ಇಡಿರಿ. ಒಂದೊಂದಕ್ಕೂ ಸೀಸದಕಡ್ಡಿಯಿಂದ ಸಂಖ್ಯೆ ಹಾಕಿ, ಯಾರು ಯಾರಿಗೆ, ಯಾವ ಊರಿಂದ, ಯಾವ ತಾರೀಕಿನಲ್ಲಿ, ಯಾವ ವಿಷಯವಾಗಿ ಬರೆದರೆಂಬದನ್ನು ಪುಸ್ತಕದಲ್ಲಿ ಬರೆದುಕೊಳ್ಳಿರಿ. ಗೆದ್ದಲೂ ಮಳೆನೀರೂ ತಾಕದ ಸ್ಥಳದಲ್ಲಿಟ್ಟು, ಆಗಾಗ ತೆರೆದು ನೋಡಿರಿ. ಸಭೆಯ ದೀಕ್ಷಾಸ್ನಾನ, ವಿವಾಹ, ಮರಣಗಳ ಪುಸ್ತಕಗಳು ಜೀರ್ಣವಾಗಿದ್ದರೆ ನಿಮ್ಮ ಬೋಧಕರಿಗೆ ತಿಳಿಸಿರಿ.

ಗುಂಡರ್ಟ್ ಅಯ್ಯನವರು ತಮಗೆ ಸಂಬಂಧವಿಲ್ಲದ ಅರಸನ ಕಾಗದಗಳನ್ನು ಕಾಪಾಡಿದರು. ನಾವು ನಮ್ಮ ಸ್ವಂತ ಹಿರಿಯರ ಕಾಗದಗಳನ್ನಾದರೂ ಕಾಪಾಡಬಾರದೇ? ಈ ಮಳೆಗಾಲವು ಬರುವದಕ್ಕೆ ಮುಂಚೆ ಅಟ್ಟ ಹತ್ತಿ ಆ ಪೆಟ್ಟಿಗೆಯನ್ನು ಕೆಳಗಿಳಿಸಿರಿ.