ಗೊಬ್ಬರದಲ್ಲಿ ಸೋತ ಲೀಬಿಗ್

ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಲೀಬಿಗ್ ಕಂಡೆನ್ಸರ್ ಎಲ್ಲರೂ ನೋಡಿರ್ತೀರಾ. ನಿಜ ಹೇಳಬೇಕಂದ್ರೆ ಅದನ್ನು ಕಂಡುಹಿಡಿದದ್ದು ಲೀಬಿಗ್ ಅಲ್ಲ, ಜನಪ್ರಿಯ ಮಾಡಿದ್ದು ಅಷ್ಟೇ. ಆದರೆ ಆತನ ದೊಡ್ಡ ಕೆಲಸ ಲ್ಯಾಬ್‌ಗಿಂತ ಹೊಲದಲ್ಲೇ ಜಾಸ್ತಿ ಇದೆ.

ಯುಸ್ಟಸ್ ಲೀಬಿಗ್ ಹುಟ್ಟಿದ್ದು 1803ರಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ. ಅಪ್ಪನದು ಬಣ್ಣ ಮತ್ತು ರಾಸಾಯನಿಕಗಳ ವ್ಯಾಪಾರ. 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ, ಬೆಳೆ ಹಾಳಾಗಿ ಜನ ಹಸಿದರು. ಆಗ ಹುಡುಗನಿಗೆ 13 ವರ್ಷ. ಮುಂದೆ ಪ್ಯಾರಿಸ್‌ನಲ್ಲಿ ಗೇ-ಲುಸಾಕ್ ಹತ್ತಿರ ಕಲಿತು, 21ನೇ ವಯಸ್ಸಿಗೇ ಗೀಸನ್‌ನಲ್ಲಿ ಪ್ರೊಫೆಸರ್ ಆದ. ನಮಗಿಂತ ಎರಡೇ ವರ್ಷ ದೊಡ್ಡವನು! ವಿದ್ಯಾರ್ಥಿಗಳು ತಾವೇ ಕೈಯಾರೆ ಪ್ರಯೋಗ ಮಾಡಿ ಕಲಿಯುವ ಪದ್ಧತಿ ಹೆಸರು ಮಾಡಿದ್ದು ಅವನ ಲ್ಯಾಬ್‌ನಿಂದಲೇ.

ಗಿಡ ಬದುಕುವುದು ಕೊಳೆತ ಎಲೆಯ ಸಾರ ತಿಂದು ಅಂತ ಆಗ ಬಹಳ ಜನ ನಂಬಿದ್ದರು. 1840ರ ಪುಸ್ತಕದಲ್ಲಿ ಲೀಬಿಗ್ ಇದನ್ನು ಒಪ್ಪಲಿಲ್ಲ. ಇಂಗಾಲ ಗಾಳಿಯಿಂದ ಬರುತ್ತೆ, ಖನಿಜ ಮಣ್ಣಿನಿಂದ ಬರುತ್ತೆ, ಬೆಳೆ ತೆಗೆದುಕೊಂಡದ್ದನ್ನು ಮಣ್ಣಿಗೆ ವಾಪಸ್ ಕೊಡಲೇಬೇಕು ಎಂದ. ಯಾವ ಪೋಷಕಾಂಶ ಅತಿ ಕಡಿಮೆಯೋ ಅದೇ ಇಳುವರಿಯನ್ನು ನಿರ್ಧರಿಸುತ್ತೆ ಎಂಬ ನಿಯಮವನ್ನೂ ಪ್ರಚಾರ ಮಾಡಿದ. ಅದನ್ನು ಮೊದಲು ಹೇಳಿದ್ದು ಕಾರ್ಲ್ ಸ್ಪ್ರೆಂಗೆಲ್, ಹೆಸರು ಬಂದದ್ದು ಲೀಬಿಗ್‌ಗೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಾಟಲ್‌ನೆಕ್. ಸೇಬಿನ ತೋಟದಲ್ಲಿ ಇದು ಚೆನ್ನಾಗಿ ಕಾಣುತ್ತೆ. ಬೋರಾನ್ ಕೊರತೆಯಾದರೆ ಎಷ್ಟು ಸಾರಜನಕ ಸುರಿದರೂ ಹಣ್ಣು ಸರಿಯಾಗಿ ಕಚ್ಚಲ್ಲ. ಪೊಟ್ಯಾಷ್ ಅತಿಯಾದರೆ ಕ್ಯಾಲ್ಸಿಯಂ ಹೀರಿಕೊಳ್ಳುವುದಕ್ಕೇ ಅಡ್ಡಿಯಾಗಿ, ಹಣ್ಣಿನ ಮೇಲೆ ಕಂದು ಕಲೆಗಳು ಬೀಳ್ತವೆ.

ಆದರೆ ಲೀಬಿಗ್ 1845ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದ ಗೊಬ್ಬರ ಸೋತುಹೋಯಿತು. ಮಳೆಗೆ ಕೊಚ್ಚಿಹೋಗಬಾರದು ಅಂತ ಖನಿಜಗಳನ್ನು ಕರಗದ ಹಾಗೆ ಮಾಡಿಬಿಟ್ಟಿದ್ದ. ನೀರಲ್ಲಿ ಕರಗದಿದ್ದರೆ ಬೇರು ಹೀರೋದು ಹೇಗೆ? ಸಾರಜನಕ ಗಾಳಿ-ಮಳೆಯಿಂದಲೇ ಸಾಕಷ್ಟು ಸಿಗುತ್ತೆ ಎಂಬ ಲೆಕ್ಕವೂ ತಪ್ಪಿತು. ಅದನ್ನು ತೋರಿಸಿದ್ದು ರೋಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ 1843ರಲ್ಲಿ ಶುರು ಮಾಡಿದ ಗೋಧಿ ಪ್ರಯೋಗ. ಗಿಲ್ಬರ್ಟ್ ಬೇರೆ ಯಾರೂ ಅಲ್ಲ, ಲೀಬಿಗ್‌ನದೇ ಶಿಷ್ಯ! ಗುರು ಸಿಟ್ಟಾಗಿ ವರ್ಷಗಟ್ಟಲೆ ವಾದ ಮಾಡಿದ. ಮಣ್ಣು ತಾನೇ ಪೋಷಕಾಂಶ ಹಿಡಿದಿಟ್ಟುಕೊಳ್ಳುತ್ತೆ ಎಂದು ಬೇರೆಯವರು ತೋರಿಸಿದ ಮೇಲೆ, ಕರಗದ ಗೊಬ್ಬರ ಮಾಡಿದ್ದು ತನ್ನ ತಪ್ಪೇ ಎಂದು ಕೊನೆಗೆ ಪುಸ್ತಕದಲ್ಲೇ ಒಪ್ಪಿಕೊಂಡ.

1873ರಲ್ಲಿ ಮ್ಯೂನಿಕ್‌ನಲ್ಲಿ ಲೀಬಿಗ್ ತೀರಿಕೊಂಡ. ರೋಥಮ್‌ಸ್ಟೆಡ್‌ನ ಆ ಗೋಧಿ ಹೊಲದಲ್ಲಿ ಪ್ರಯೋಗ ಇನ್ನೂ ನಡೀತಾ ಇದೆ.