ಮುಮ್ಮಡಿ ಕೃಷ್ಣರಾಜ ಒಡೆಯರ್

ಮುಮ್ಮಡಿ ಕೃಷ್ಣರಾಜ ಒಡೆಯರ್ (೧೪ ಜುಲೈ ೧೭೯೪ – ೨೭ ಮಾರ್ಚ್ ೧೮೬೮) ಮೈಸೂರು ಸಂಸ್ಥಾನದ ಅರಸರು. ಕೈಯಿಂದ ಚಿತ್ರಿಸಿದ ಆಟದ ಎಲೆಗಳಾದ ಗಂಜೀಫ ಕಲೆಯ ಪ್ರಮುಖ ಪೋಷಕರೆಂದೂ ಇವರು ಪ್ರಸಿದ್ಧರು.

ಜೀವನ

ಇವರು ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಜನಿಸಿದರು. ಟಿಪ್ಪು ಸುಲ್ತಾನನ ಮರಣಾನಂತರ, ೧೭೯೯ರ ಜೂನ್ ೩೦ರಂದು, ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದರು. ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಆಡಳಿತ ನಿರ್ವಹಿಸಿದರು. ನಗರ ಪ್ರಾಂತ್ಯದ ರೈತ ದಂಗೆಯ ಬಳಿಕ ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ವಹಿಸಿಕೊಂಡರು. ಅದನ್ನು ಮರಳಿ ಪಡೆಯಲು ಅರಸರು ನಡೆಸಿದ ಪ್ರಯತ್ನ ಅವರ ಜೀವಿತಕಾಲದಲ್ಲಿ ಫಲಿಸಲಿಲ್ಲ. ೧೮೮೧ರಲ್ಲಿ ದತ್ತುಪುತ್ರ ಹತ್ತನೆಯ ಚಾಮರಾಜ ಒಡೆಯರಿಗೆ ಅಧಿಕಾರ ಹಿಂತಿರುಗಿತು.

ಗಂಜೀಫ

ರಾಜ್ಯಭಾರ ಕೈತಪ್ಪಿದ ಮೇಲೂ ಅರಮನೆಯು ಕವಿಗಳಿಗೂ ಚಿತ್ರಕಾರರಿಗೂ ಆಶ್ರಯವಾಗಿ ಉಳಿಯಿತು. ಅರಸರ ಹೆಸರಿನಲ್ಲಿರುವ, ಒಂಬತ್ತು ನಿಧಿಗಳ ಸಚಿತ್ರ ಗ್ರಂಥ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಗಂಜೀಫ ಆಟಗಳ ವಿವರಣೆಯಿದೆ. ಅವುಗಳಲ್ಲಿ ಚಾಮುಂಡೇಶ್ವರಿ ಆಟಕ್ಕೆ ೩೨೦ ಎಲೆಗಳು. ಎಲೆಗಳನ್ನು ತಯಾರಿಸಲು ಕಾಗದ ಅಥವಾ ಬಟ್ಟೆಯ ಪದರಗಳನ್ನು ಅಂಟಿನಿಂದ ಒಂದರ ಮೇಲೊಂದು ಕೂಡಿಸಿ ಗಟ್ಟಿಗೊಳಿಸಿ, ಕತ್ತರಿಸಿ, ಅವುಗಳ ಮೇಲೆ ದೇವತೆಗಳ ಚಿತ್ರಗಳನ್ನು ಬರೆಯಲಾಗುತ್ತಿತ್ತು. ಅರಮನೆಯ ಎಲೆಗಳಿಗೆ ದಂತವನ್ನೂ ಬಳಸುತ್ತಿದ್ದರು.

ಪರಂಪರೆ

ಅಚ್ಚಿನ ಇಸ್ಪೀಟು ಎಲೆಗಳು ಹರಡಿದಂತೆ ಈ ಕಸುಬು ಕ್ಷೀಣಿಸಿತು. ೨೦ನೆಯ ಶತಮಾನದಲ್ಲಿ ಮೈಸೂರಿನ ಕಲಾವಿದ ರಘುಪತಿ ಭಟ್ಟರು ಇದನ್ನು ಪುನರುಜ್ಜೀವನಗೊಳಿಸಿದರು. ಮೈಸೂರು ಗಂಜೀಫಕ್ಕೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ.